ಹಳೆ ಕಾಂಪೌಂಡ್ ಬಿಲ್ಲಿಗೆ ಹೊಸ ಹೆದೆ, ಹೊಸ ಕೇಬಲ್: ಪ್ರೆಸ್ ಕಟ್ಟಿದ್ದರಿಂದ ಕಾಗದ ಹರಿದದ್ದರವರೆಗೆ

ತುಮಕೂರಿನಲ್ಲಿ ಕೈ ಬದಲಾಯಿಸಿಕೊಂಡು ಬಂದ ಒಂದು ಹಳೆ ಕಾಂಪೌಂಡ್ ಬಿಲ್ಲು, ಅಂದರೆ ತುದಿಗಳಲ್ಲಿ ಕ್ಯಾಮ್ ಎಂಬ ರಾಟೆ ಇದ್ದು ಹೆದೆ, ಕೇಬಲ್ ಅವಕ್ಕೆ ಸುತ್ತಿರುವ ಬಿಲ್ಲು. ಬೆಂಗಳೂರಿಗೆ ಕಳಿಸಿದ್ದರೆ ಎರಡು ದಿನದ ಕೆಲಸ. ಇಲ್ಲೇ ಮಾಡಲು ಹೋಗಿ ಸುಮಾರು ಒಂದು ತಿಂಗಳಾಯಿತು. ಆದರೆ ಬಿಲ್ಲನ್ನು ಒತ್ತುವ ಪ್ರೆಸ್ ಮತ್ತು ಬಿಲ್ಲನ್ನು ಎಳೆದು ತೂಗುವ ಹಲಗೆ ಊರಲ್ಲೇ ಉಳಿದವು. ಮಾಡಿದ ಕ್ರಮದಲ್ಲೇ ಬರೆದಿದೆ, ಕೆಟ್ಟದ್ದೂ ಸೇರಿ.

ಏಪ್ರಿಲ್ 3: ಬಿಲ್ಲು ಬಂದ ಸ್ಥಿತಿ

ಎರಡು ಕ್ಯಾಮ್, ಮೇಲೂ ಕೆಳಗೂ ಯೋಕ್ ಇರುವ ಮಾದರಿ. ಅಂದರೆ ಮೇಲಿನ ಕ್ಯಾಮಿಗೆ ಸಿಕ್ಕಿಸಿದ ಕೇಬಲ್ ಕೆಳಗಿನ ಆಕ್ಸಲಿನ (ಕ್ಯಾಮ್ ತಿರುಗುವ ಸರಳು) ಹತ್ತಿರ ಎರಡು ಕಾಲಾಗಿ ಒಡೆದು, ಆಕ್ಸಲಿನ ಎರಡೂ ತುದಿಗೆ ಕೂರುತ್ತದೆ. ಕೆಳಗಿನ ಕ್ಯಾಮಿನದು ಹಾಗೇ ಮೇಲಕ್ಕೆ ಹೋಗುತ್ತದೆ. ಲಿಂಬ್‌ಗಳು ಅಂದರೆ ಬಾಗುವ ತೋಳುಗಳು ಸೀಳು ಮಾದರಿಯವು, ಒಟ್ಟು ನಾಲ್ಕು ಪಟ್ಟಿ. ಬಲಗೈಯವರ ಬಿಲ್ಲು. ಮೇಲಿನ ಲಿಂಬಿನ ಚೀಟಿಯಲ್ಲಿ ಎಳೆತದ ತೂಕ 60 ಪೌಂಡು, ಎಳೆತದ ಉದ್ದ 29 ಇಂಚು ಅಂತ ಓದಲು ಸಿಗುತ್ತದೆ. ಹೆದೆ ಮತ್ತು ಕೇಬಲಿನ ಉದ್ದ ಬರೆದಿರುವ ಕೆಳಗಿನ ಚೀಟಿ ಪೂರ್ತಿ ಉಜ್ಜಿಹೋಗಿದೆ. ಮುಂದಿನ ಅರ್ಧ ತೊಂದರೆಗೆ ಈ ಉಜ್ಜಿಹೋದ ಚೀಟಿಯೇ ಕಾರಣ.

ಅಳತೆ ಹಿಡಿದಾಗ ಸಿಕ್ಕಿದ್ದು: ಆಕ್ಸಲಿನಿಂದ ಆಕ್ಸಲಿಗೆ 921 ಮಿ.ಮೀ. ಹಿಡಿಯ ಗುಳಿಯಿಂದ ಹೆದೆಗೆ 171 ಮಿ.ಮೀ. ತೂಕ ಏರಿಸಿ ಇಳಿಸುವ ಲಿಂಬ್ ಬೋಲ್ಟ್ ಎರಡೂ ಪೂರ್ತಿ ಬಿಗಿಯಿದ್ದರೂ ಎಳೆತದ ತೂಕ 22.7 ಕಿಲೋ, ಅಂದರೆ 50 ಪೌಂಡು ಮಾತ್ರ. 60ರ ಬಿಲ್ಲು 50 ತೋರಿಸಿದರೆ ಲಿಂಬ್ ಸತ್ತಿದೆ ಅಂದುಕೊಳ್ಳುವವರೇ ಹೆಚ್ಚು. ಬಹುಪಾಲು ಸಲ ಲಿಂಬ್ ಸರಿಯಾಗೇ ಇರುತ್ತದೆ, ಕೇಬಲ್ ಹಿಗ್ಗಿರುತ್ತದೆ.

ಲಿಂಬ್ ಪರೀಕ್ಷೆಗೆ ಹತ್ತಿ ಸಾಕು. ಒಂದು ಉಂಡೆ ಹತ್ತಿಯನ್ನು ನಾಲ್ಕೂ ಪಟ್ಟಿಯ ಅಂಚಿನ ಮೇಲೆ ಬುಡದಿಂದ ತುದಿವರೆಗೆ ಮೆಲ್ಲಗೆ ಎಳೆದು ನೋಡಿದ್ದು. ಎಲ್ಲಾದರೂ ನೂಲು ಸಿಕ್ಕಿಕೊಂಡರೆ ಅಲ್ಲಿ ಸೀಳು ಎದ್ದಿದೆ ಅಂತ ಅರ್ಥ, ಆ ಬಿಲ್ಲನ್ನು ಮುಂದೆ ಮುಟ್ಟಬಾರದು. ಇಲ್ಲಿ ಸಿಕ್ಕಲಿಲ್ಲ. ಆಕ್ಸಲ್ ತೂತಿನ ಸುತ್ತ ಟಾರ್ಚ್ ಹಿಡಿದು ನೋಡಿದಾಗಲೂ ಬಿರುಕು ಕಾಣಲಿಲ್ಲ.

ಹೆದೆಯ ಸರ್ವಿಂಗ್ (ಸವೆಯದಂತೆ ಮೇಲೆ ಸುತ್ತುವ ದಾರ) ಮಾತ್ರ ಕ್ಯಾಮ್ ಬಿಡುವ ಜಾಗದಲ್ಲಿ ಅರ್ಧ ಇಂಚು ಬಾಯಿ ಬಿಟ್ಟಿತ್ತು. ಒಂದು ಕೇಬಲಿನಲ್ಲಿ ಎರಡು ಎಳೆ ತುಂಡಾಗಿದ್ದವು. ಕೆಳಗಿನ ಕ್ಯಾಮನ್ನು ಹಿಡಿದು ಅಲ್ಲಾಡಿಸಿದರೆ ಟಕ್ ಟಕ್ ಅನ್ನುತ್ತಿತ್ತು, ಬೇರಿಂಗ್ ಹೋಗಿದೆ.

ಏಪ್ರಿಲ್ 5 ರಿಂದ 9: ಪ್ರೆಸ್

ಕಾಂಪೌಂಡ್ ಬಿಲ್ಲಿನ ಹೆದೆಯನ್ನು ಮೊಣಕಾಲಿಗೆ ಒತ್ತಿ ಬಿಚ್ಚಲು ಆಗುವುದಿಲ್ಲ. ಸುಮ್ಮನೆ ಗೋಡೆಗೆ ನೇತುಹಾಕಿದ್ದಾಗಲೂ ಲಿಂಬ್ ಬಾಗಿಯೇ ಇರುತ್ತದೆ. ಎರಡೂ ತುದಿಯನ್ನು ಒಂದರ ಕಡೆಗೊಂದು ಇನ್ನಷ್ಟು ಒತ್ತಿದರೆ ಮಾತ್ರ ಹೆದೆ, ಕೇಬಲ್ ಸಡಿಲವಾಗುತ್ತವೆ. ಅದಕ್ಕೇ ಪ್ರೆಸ್. ತುದಿಗೆ 300 ಕಿಲೋ ಬಲ ಬಂದರೂ ತಡೆಯಬೇಕು ಎಂಬ ಲೆಕ್ಕದಲ್ಲಿ ಕಟ್ಟಿದ್ದು.

ಬೆನ್ನೆಲುಬಿಗೆ 50×50×3 ಮಿ.ಮೀ. ಚೌಕ ಪೈಪು, 1.5 ಮೀಟರ್. ಗುಜರಿಯಲ್ಲಿ 6.5 ಕಿಲೋ ತೂಗಿತು, ಕಿಲೋಗೆ 60ರಂತೆ 390 ರೂಪಾಯಿ. ಅದರ ಮೇಲೆ ಜಾರಲು 60×60×3ರ ಎರಡು ತುಂಡು, ತಲಾ 120 ಮಿ.ಮೀ. (ವೆಲ್ಡಿಂಗ್ ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದವು, ಕೂಲಿಯಲ್ಲೇ ಸೇರಿಕೊಂಡವು). ಒಳಗೆ 4 ಮಿ.ಮೀ. ಸಡಿಲ ಉಳಿಯುತ್ತದೆ, ಎರಡು ಬದಿಗೂ 2 ಮಿ.ಮೀ. ನೈಲಾನ್ ಪಟ್ಟಿ ಹಾಕಿ ತುಂಬಿಸಿದ್ದು. ಒಂದು ತುಂಡು ಪಿನ್ನಿಗೆ ಕೂರುತ್ತದೆ, ಇನ್ನೊಂದನ್ನು ಸ್ಕ್ರೂ ಎಳೆಯುತ್ತದೆ. ಎರಡರ ಮೇಲೂ ಜೋಡಿ ಬೆರಳು: 16 ಮಿ.ಮೀ. ಸರಳು, ಮೇಲೆ ರಬ್ಬರ್ ಪೈಪು, ನಡುವೆ ಕ್ಯಾಮ್ ಹೋಗಲು 45 ಮಿ.ಮೀ. ಜಾಗ.

ಮೊದಲ ತಪ್ಪು, ಸ್ಕ್ರೂ. ಹಾರ್ಡ್‌ವೇರ್ ಅಂಗಡಿಯ ಎಂ16 ಉದ್ದ ಥ್ರೆಡ್ ರಾಡು, 240 ರೂಪಾಯಿ. ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಟರ್ನರ್ ನೋಡಿದ ಕೂಡಲೇ, “ಸ್ವಾಮಿ, ಇದು ಗೇಟಿಗೆ ಹಾಕೋ ರಾಡು, ಜ್ಯಾಕಿಗೆ ಹಾಕೋದಲ್ಲ” ಅಂದರು. ಆದರೂ ಹಾಕಿಸಿದ್ದಾಯಿತು. ಅರ್ಧ ಭಾರಕ್ಕೇ ನಟ್ಟು ಕಚ್ಚಿಕೊಂಡಿತು, ಬಿಚ್ಚಲು ಎರಡು ಸ್ಪ್ಯಾನರ್ ಬೇಕಾಯಿತು. ವಿ ಆಕಾರದ ಥ್ರೆಡ್ ಬಿಗಿ ಹಿಡಿಯಲು ಇರುವುದು, ಭಾರ ಹೊತ್ತು ತಿರುಗಲು ಅಲ್ಲ. ಬದಲಿಗೆ 20 ಮಿ.ಮೀ. ದಪ್ಪ, 4 ಮಿ.ಮೀ. ಪಿಚ್ಚಿನ ಟ್ರೆಪಿಜಾಯ್ಡಲ್ ಸ್ಕ್ರೂ, ಗನ್‌ಮೆಟಲ್ ನಟ್ಟು ಸಹಿತ 1,850. ಒಂದು ಸುತ್ತಿಗೆ 4 ಮಿ.ಮೀ. ಸರಿಯುತ್ತದೆ, ಒಂದೇ ಕೈಯಲ್ಲಿ ತಿರುಗುತ್ತದೆ, ಕೈ ಬಿಟ್ಟರೆ ಹಿಂದಕ್ಕೆ ಓಡುವುದಿಲ್ಲ. ಪ್ರೆಸ್ಸಿಗೆ ಮುಖ್ಯವಾಗಿ ಬೇಕಾದ್ದು ಈ ಕೊನೆಯ ಗುಣವೇ.

ಎರಡನೇ ತಪ್ಪು, ಬೆರಳನ್ನು ನೇರ 90 ಡಿಗ್ರಿಗೆ ಬೆಸೆದದ್ದು. ಲಿಂಬ್ ಬಾಗುತ್ತಾ ಹೋದಂತೆ ಅದರ ತುದಿಯ ಕೋನ ಬದಲಾಗುತ್ತದೆ. ಬರೀ 6 ಮಿ.ಮೀ. ಒತ್ತುವಷ್ಟರಲ್ಲಿ ತುದಿ ರಬ್ಬರಿನ ಮೇಲೆ ಜಾರಲು ಶುರುವಾಯಿತು. ತಕ್ಷಣ ಸ್ಕ್ರೂ ಹಿಂದಕ್ಕೆ ತಿರುಗಿಸಿದ್ದರಿಂದ ಬಚಾವು. ಬೆರಳನ್ನು ಕತ್ತರಿಸಿ, ಒಳಕ್ಕೆ ಸುಮಾರು 15 ಡಿಗ್ರಿ ವಾಲಿಸಿ, ತುದಿಗೆ 10 ಮಿ.ಮೀ. ತುಟಿ ಬೆಸೆದ ಮೇಲೆ ಜಾರಲಿಲ್ಲ.

ಮೂರನೆಯದು ವೆಲ್ಡಿಂಗ್ ಬಿಸಿಗೆ ಜಾರುವ ತುಂಡು ಸೊಟ್ಟಗಾಗಿ ಒಂದು ಬೆರಳು ಇನ್ನೊಂದಕ್ಕಿಂತ 2 ಮಿ.ಮೀ. ಮುಂದೆ ಬಂದದ್ದು. ಸೀಳು ಲಿಂಬಿಗೆ ಇದು ವಿಷ, ಒಂದು ಪಟ್ಟಿ ಮೊದಲು ಬಾಗಿ ಆಕ್ಸಲ್ ತಿರುಚಿಕೊಳ್ಳುತ್ತದೆ. ಮತ್ತೆ ಕತ್ತರಿಸಿ, ನಾಲ್ಕು ಕಡೆ ಚುಕ್ಕಿ ಹಾಕಿ, ಆರಲು ಬಿಟ್ಟು, ಮೂಲೆಮಟ್ಟ ಇಟ್ಟು ನೋಡಿ, ಆಮೇಲೆ ಪೂರ್ತಿ ಬೆಸೆದದ್ದು. ಟರ್ನಿಂಗ್, ವೆಲ್ಡಿಂಗ್ ಎಲ್ಲ ಸೇರಿ ಕೂಲಿ 1,400.

ಬಿಲ್ಲು ಇಡುವ ಮೊದಲು ಹಳೆ ಬೈಕಿನ ಹಿಂದಿನ ಶಾಕ್ ಅಬ್ಸಾರ್ಬರನ್ನು ಬೆರಳುಗಳ ನಡುವೆ ಕೂರಿಸಿ 30 ಮಿ.ಮೀ. ಹಿಂಡಿ ರಾತ್ರಿಯಿಡೀ ಬಿಟ್ಟದ್ದು. ಬೆಳಿಗ್ಗೆ ಕ್ಯಾಲಿಪರ್ ಹಿಡಿದರೆ ಅಳತೆ ಕದಲಿರಲಿಲ್ಲ, ಬೆಸುಗೆಯೂ ಬಿಟ್ಟಿರಲಿಲ್ಲ. ಈ ಪರೀಕ್ಷೆ ಮಾಡದೆ ಮನೆಯಲ್ಲಿ ಕಟ್ಟಿದ ಪ್ರೆಸ್ಸಿಗೆ ಬಿಲ್ಲು ಏರಿಸಬೇಡಿ.

ಏಪ್ರಿಲ್ 11: ಬಿಚ್ಚಿದ್ದು, ಬೇರಿಂಗ್

ಲಿಂಬ್ ಬೋಲ್ಟಿನ ತಲೆಗೂ ಪಾಕೆಟ್ಟಿಗೂ (ಲಿಂಬಿನ ಬುಡ ಕೂರುವ ಗೂಡು) ಅಡ್ಡಲಾಗಿ ಬಿಳಿ ಬಣ್ಣದ ಗೆರೆ. ಮೇಲೆ, ಕೆಳಗೆ ಸಮ ಸಮ ನಾಲ್ಕು ಸುತ್ತು ಸಡಿಲ. ಎಷ್ಟು ಸುತ್ತಿನವರೆಗೆ ಬಿಡಬಹುದು ಎಂಬುದು ಒಂದೊಂದು ಬಿಲ್ಲಿಗೆ ಒಂದೊಂದು, ತಯಾರಕರ ಮಿತಿ ದಾಟಿದರೆ ಬೋಲ್ಟ್ ಕಿತ್ತು ಲಿಂಬ್ ಹಾರುತ್ತದೆ. ಆಮೇಲೆ ಪ್ರೆಸ್. 35 ಮಿ.ಮೀ. ಒತ್ತಿದಾಗ ಹೆದೆ ಕೈಗೆ ಬಂತು. ಮೊದಲು ಹೆದೆ, ನಂತರ ಕೇಬಲ್, ಕೊನೆಗೆ ಆಕ್ಸಲಿನ ಇ ಕ್ಲಿಪ್. ಕ್ಲಿಪ್ ತೆಗೆಯುವಾಗ ಮೇಲೆ ಬಟ್ಟೆ ಮುಚ್ಚಿ. ಮುಚ್ಚದ ಒಂದು ಕ್ಲಿಪ್ ಇನ್ನೂ ಸಿಕ್ಕಿಲ್ಲ.

ಆಕ್ಸಲಿನ ಮೇಲೆ ಕ್ಯಾಮಿನ ಎಡಕ್ಕೆ 2.5 ಮಿ.ಮೀ., ಬಲಕ್ಕೆ 1.5 ಮಿ.ಮೀ. ವಾಷರ್ ಇತ್ತು. ಮೇಲಿನದರ ಫೋಟೋ ತೆಗೆದದ್ದಾಯಿತು. ಕೆಳಗಿನದರದು ಮರೆತುಹೋಯಿತು. ಈ ಮರೆವಿನ ಬೆಲೆ ಏಪ್ರಿಲ್ 24ರ ಕೆಳಗಿದೆ.

ಬೇರಿಂಗ್ ವಿಷಯ ಸ್ವಲ್ಪ ವಿವರವಾಗಿ. ಆಕ್ಸಲ್ ಅಳೆದರೆ 4.76 ಮಿ.ಮೀ. ಸವೆದು ಕಮ್ಮಿಯಾಗಿದೆ ಅಂದುಕೊಂಡು ಪೇಟೆಯಿಂದ 695 ನಂಬರಿನ ಎರಡು ಬೇರಿಂಗ್ ತಂದದ್ದು, 160 ರೂಪಾಯಿ. ಒಳ ವ್ಯಾಸ 5, ಹೊರ ವ್ಯಾಸ 13. ಕ್ಯಾಮಿನ ಗೂಡು 12.7. ಹೋಗಲೇ ಇಲ್ಲ, ಹೋಗಿದ್ದರೂ ಆಕ್ಸಲಿನ ಮೇಲೆ ಕಾಲು ಮಿ.ಮೀ. ಅಲ್ಲಾಡುತ್ತಿತ್ತು. ಆಕ್ಸಲ್ ಸವೆದಿರಲೇ ಇಲ್ಲ. 4.76 ಅಂದರೆ ಮೂರು ಹದಿನಾರನೇ ಇಂಚು, 12.7 ಅಂದರೆ ಅರ್ಧ ಇಂಚು. ಬೇಕಾದ್ದು ಇಂಚಿನ ಸರಣಿಯ ಆರ್3, ಎರಡೂ ಕಡೆ ಮುಚ್ಚಳ ಇರುವ ಜಡ್‌ಜಡ್ ಮಾದರಿ, ಅಗಲ 4.98 ಮಿ.ಮೀ. ಮುಚ್ಚಳ ಇಲ್ಲದ ಆರ್3 ಒಂದು ಮಿ.ಮೀ. ತೆಳ್ಳಗಿರುತ್ತದೆ, ಅದನ್ನು ಹಾಕಿದರೆ ಕ್ಯಾಮ್ ಪಕ್ಕಕ್ಕೆ ಓಡಾಡುತ್ತದೆ. ಬೆಂಗಳೂರಿನಿಂದ ತರಿಸಿದ್ದು, ಕ್ಯಾಮಿಗೆ ಎರಡರಂತೆ ನಾಲ್ಕು, ತಲಾ 180.

ಹಳೆಯದನ್ನು ವೈಸಿನಲ್ಲಿ ಸಾಕೆಟ್ ಇಟ್ಟು ಒತ್ತಿ ತೆಗೆದು, ಹೊಸದನ್ನು ಹೊರ ಉಂಗುರದ ಮೇಲೆ ಮಾತ್ರ ಒತ್ತಿ ಕೂರಿಸಿದ್ದು. ಒಳ ಉಂಗುರ ಒತ್ತಿದರೆ ಗುಂಡು ಓಡುವ ದಾರಿಗೆ ಗುಳಿ ಬಿದ್ದು ಹೊಸ ಬೇರಿಂಗೇ ಗರಗರ ಅನ್ನುತ್ತದೆ. ಸುತ್ತಿಗೆ ಮುಟ್ಟಲೇ ಇಲ್ಲ.

ಏಪ್ರಿಲ್ 13 ರಿಂದ 16: ಮೊದಲ ಸೆಟ್, ಹಾಳು

ದಾರ 452ಎಕ್ಸ್. ಇದರಲ್ಲಿ ಡೈನೀಮಾ, ವೆಕ್ಟ್ರಾನ್ ಎಂಬ ಎರಡು ಕೃತಕ ನಾರು ಸೇರಿವೆ. ಬರೀ ಡೈನೀಮಾ ಭಾರದಲ್ಲಿ ದಿನದಿಂದ ದಿನಕ್ಕೆ ಚೂರು ಚೂರೇ ಹಿಗ್ಗುತ್ತಾ ಹೋಗುತ್ತದೆ, ವೆಕ್ಟ್ರಾನ್ ಅದನ್ನು ಹಿಡಿದಿಡುತ್ತದೆ. ಕ್ಯಾಮಿಲ್ಲದ ರಿಕರ್ವ್ ಬಿಲ್ಲಿನಲ್ಲಿ ಹೆದೆ ಹಿಗ್ಗಿದರೆ ನಾಲ್ಕು ಹುರಿ (ತಿರುಚುವ ಸುತ್ತು) ಏರಿಸಿ ಮುಂದುವರಿಯಬಹುದು. ಕಾಂಪೌಂಡಿನಲ್ಲಿ ಹೆದೆ, ಎರಡು ಕೇಬಲ್ ಹೀಗೆ ಮೂರು ತುಂಡು ಮೂರು ರೀತಿ ಹಿಗ್ಗಿ ಕ್ಯಾಮಿನ ಸ್ಥಾನವೇ ಕೆಡುತ್ತದೆ. 24 ಎಳೆ, ಮೂರೂ ಸೇರಿ ಸುಮಾರು 80 ಮೀಟರ್ ದಾರ ಹೋಯಿತು.

ದಾರ ಸುತ್ತುವ ಜಿಗ್ ಆಗಿ ಪ್ರೆಸ್ಸಿನ ಪೈಪೇ ಸಾಕಾಯಿತು. ಎರಡು ತುದಿಗೂ ಕಾಲು ಇಂಚಿನ ಸ್ಟೀಲ್ ಪಿನ್ನು. ಹೆದೆಯ ಉದ್ದ ಅಂದರೆ ಈ ಪಿನ್ನುಗಳ ಹೊರ ಅಂಚಿನಿಂದ ಹೊರ ಅಂಚಿಗೆ, 45 ಕಿಲೋ ಎಳೆತದಲ್ಲಿ, ಅಂದರೆ 100 ಪೌಂಡಿನಲ್ಲಿ. ಕೈಯಲ್ಲಿ ಎಳೆದು ಹಿಡಿದ ಟೇಪಿನ ಅಳತೆಗೂ ಇದಕ್ಕೂ ನಂಟಿಲ್ಲ. 12 ಸುತ್ತು ಸುತ್ತಿದರೆ 24 ಎಳೆ. ಹಿಗ್ಗಿಸಲು 136 ಕಿಲೋ ಬೇಕು, ನೇತುಹಾಕುವ ಡಿಜಿಟಲ್ ತಕ್ಕಡಿ ತಡೆಯುವುದು 50 ಕಿಲೋ. ಹಾಗಾಗಿ 600:200ರ ಸನ್ನೆ: ತಕ್ಕಡಿಯಲ್ಲಿ 45 ಬಂದರೆ ದಾರದಲ್ಲಿ 135. ರಾತ್ರಿಯಿಡೀ ಎಳೆದಿಟ್ಟು, ಆಮೇಲೆ ಸರ್ವಿಂಗ್ ಸುತ್ತಿದ್ದು. ಹಿಗ್ಗಿಸುವ ಮೊದಲೇ ಸರ್ವಿಂಗ್ ಸುತ್ತಿದರೆ ಒಳಗಿನ ದಾರ ಸಣ್ಣಗಾಗಿ ಸರ್ವಿಂಗ್ ಜಾರುತ್ತದೆ.

ಇಷ್ಟೆಲ್ಲ ಸರಿಯಾಗಿ ಮಾಡಿ, ಉದ್ದಕ್ಕೆ ಮಾತ್ರ ಹಳೆ ಹೆದೆಯನ್ನೇ ನಕಲು ಹೊಡೆದದ್ದು. ಹಳೆಯದು 45 ಕಿಲೋದಲ್ಲಿ ಹೆದೆ 1416, ಕೇಬಲ್ 971 ಮಿ.ಮೀ. ಅದೇ ಅಳತೆಯಲ್ಲಿ ಹೊಸದು. ಕಟ್ಟಿ ನೋಡಿದರೆ ಆಕ್ಸಲಿನಿಂದ ಆಕ್ಸಲಿಗೆ ಮತ್ತೆ 920, ತೂಕ 51 ಪೌಂಡು. ವರ್ಷಗಟ್ಟಲೆ ಹಿಗ್ಗಿದ್ದನ್ನು ನಿಷ್ಠೆಯಿಂದ ಮತ್ತೆ ತಯಾರಿಸಿದ ಹಾಗಾಯಿತು! ಹುರಿ ಏರಿಸಿ 6 ಮಿ.ಮೀ. ಕಮ್ಮಿ ಮಾಡೋಣ ಅಂತ ಕೇಬಲಿಗೆ ಹುರಿ ಏರಿಸುತ್ತಾ ಹೋದರೆ 40 ದಾಟಿತು, ಕೇಬಲ್ ಸ್ಪ್ರಿಂಗಿನಂತಾಗಿ ಕೈಗೇ ಹಿಗ್ಗುತ್ತಿತ್ತು. ಇಂಚಿಗೆ ಅರ್ಧದಿಂದ ಮುಕ್ಕಾಲು ಸುತ್ತು ಹುರಿ ಸರಿ. 38 ಇಂಚಿನ ಕೇಬಲಿಗೆ 20ರಿಂದ 28.

ಇನ್ನೊಂದು ತಪ್ಪು ಇದರ ಜತೆಗೇ ಬಯಲಾಯಿತು. ಒಂದು ಕೇಬಲಿಗೆ ಹುರಿ ಒಂದು ದಿಕ್ಕು, ಸರ್ವಿಂಗ್ ವಿರುದ್ಧ ದಿಕ್ಕು. ಹುರಿ ಏರಿಸಿದಷ್ಟೂ ಸರ್ವಿಂಗ್ ಸಡಿಲವಾಗಿ ಯೋಕಿನ ಕವಲಿನಲ್ಲಿ ಬಾಯಿ ಬಿಟ್ಟಿತು. ಎರಡೂ ಒಂದೇ ದಿಕ್ಕಿಗಿದ್ದರೆ ಹುರಿ ಏರಿದಂತೆ ಸರ್ವಿಂಗ್ ಬಿಗಿಯಾಗುತ್ತದೆ. ಇಡೀ ಸೆಟ್ ಕತ್ತರಿಸಿ ಬಿಸಾಕಿದ್ದು.

ಏಪ್ರಿಲ್ 20: ಎರಡನೇ ಸೆಟ್

ಬಿಲ್ಲಿನ ಮಾದರಿ, ಕ್ಯಾಮಿನ ಮೇಲೆ ಕೆತ್ತಿದ ಸಂಖ್ಯೆ ಹಿಡಿದು ತಯಾರಕರ ಹಳೆ ಪಟ್ಟಿ ಹುಡುಕಿದಾಗ ಸಿಕ್ಕಿತು: ಹೆದೆ 55.5 ಇಂಚು (1410 ಮಿ.ಮೀ.), ಕೇಬಲ್ 38 ಇಂಚು (965 ಮಿ.ಮೀ.), ಆಕ್ಸಲಿನಿಂದ ಆಕ್ಸಲಿಗೆ 36 ಇಂಚು (914 ಮಿ.ಮೀ.), ಹಿಡಿಯಿಂದ ಹೆದೆಗೆ 7 ಇಂಚು (178 ಮಿ.ಮೀ.). ಮೊದಲ ದಿನವೇ ಹುಡುಕಬೇಕಿತ್ತು.

ಕೇಬಲಿಗೆ 22, ಹೆದೆಗೆ 32 ಹುರಿ ಹಾಕಿದ ಮೇಲೆ ಈ ಉದ್ದ ಬರುವಂತೆ ಮಾಡಿಕೊಂಡದ್ದು. ಎರಡೂ ಕೇಬಲಿನ ವ್ಯತ್ಯಾಸ 1 ಮಿ.ಮೀ. ಒಳಗೆ. ಏಪ್ರಿಲ್ ಮಧ್ಯಾಹ್ನದ ಶೆಡ್ಡಿನಲ್ಲಿ ಮೇಣ ಕೈಗೆ ಅಂಟಿ ದಾರಕ್ಕೆ ಧೂಳು ಮೆತ್ತುತ್ತಿತ್ತು, ಹಾಗಾಗಿ ಸರ್ವಿಂಗ್ ಎಲ್ಲ ಬೆಳಿಗ್ಗೆ 6ರಿಂದ 9ರ ಒಳಗೆ.

ಕಟ್ಟಿ, ಬೋಲ್ಟ್ ಪೂರ್ತಿ ಬಿಗಿದು, ಒಂದು ರಾತ್ರಿ ಬಿಟ್ಟು ಅಳೆದದ್ದು: 915 ಮಿ.ಮೀ., 177 ಮಿ.ಮೀ. ಹೆದೆಯಿಂದ ಮೇಲಿನ, ಕೆಳಗಿನ ಲಿಂಬ್ ಪಾಕೆಟ್ಟಿಗೆ ಇರುವ ದೂರ ಅರ್ಧ ಮಿ.ಮೀ. ವ್ಯತ್ಯಾಸದಲ್ಲಿ ಸಮ. ಲಿಂಬಿಗಾಗಲಿ ಬೋಲ್ಟಿಗಾಗಲಿ ಏನೂ ಮಾಡಿಲ್ಲ, ಬದಲಾದದ್ದು 6 ಮಿ.ಮೀ. ದಾರ ಮಾತ್ರ.

ಏಪ್ರಿಲ್ 22: ಎಳೆಯುವ ಹಲಗೆ, ಟೈಮಿಂಗ್

ಹಲಗೆ 1.5 ಮೀಟರ್ ಉದ್ದ, 150×50 ದಪ್ಪ, ಸಾಮಿಲ್ಲಿನಲ್ಲಿ 450. ಒಂದು ತುದಿಗೆ ರಬ್ಬರ್ ಸುತ್ತಿದ ಗೂಟ, ಅದಕ್ಕೆ ಬಿಲ್ಲಿನ ಹಿಡಿಯ ಗುಳಿ ಕೂರುತ್ತದೆ. ಇನ್ನೊಂದು ತುದಿಗೆ ಕೈ ವಿಂಚು, ಹಲ್ಲು ತಡೆ ಇರುವಂಥದು, 1,150. ನಡುವೆ ಅದೇ ತಕ್ಕಡಿ. ವಿಂಚಿನ ಹಗ್ಗದ ಜತೆ ಇನ್ನೊಂದು ಸಡಿಲ ಹಗ್ಗ ಹೆದೆಗೂ ಹಲಗೆಗೂ ಕಟ್ಟಿರಬೇಕು. ಬಾಣವಿಲ್ಲದೆ ಹೆದೆ ಕೈತಪ್ಪಿದರೆ ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ಲಿಂಬ್, ಕ್ಯಾಮ್, ಕೇಬಲಿಗೇ ಬಡಿಯುತ್ತದೆ, ಮೇಲಿನ ಮೂರು ವಾರದ ಕೆಲಸ ಒಂದು ಕ್ಷಣದಲ್ಲಿ ಪುಡಿ.

ತಕ್ಕಡಿಯನ್ನು ನಂಬುವ ಮೊದಲು ಕುಡಿಯುವ ನೀರಿನ ಕ್ಯಾನು ತೂಗಿದ್ದು. 20 ಲೀಟರ್ ನೀರು, ಖಾಲಿ ಕ್ಯಾನು 0.8, ಒಟ್ಟು 20.8 ಇರಬೇಕು. ತೋರಿಸಿದ್ದು 20.5. ಇಲ್ಲಿ ಬರೆದಿರುವ ತೂಕವೆಲ್ಲ ಈ ವ್ಯತ್ಯಾಸ ಸೇರಿಸಿದ್ದು.

ಎರಡೂ ಕ್ಯಾಮಿನಲ್ಲಿ ಒಂದೊಂದು ತಡೆಗೂಟ ಇದೆ. ಪೂರ್ತಿ ಎಳೆದಾಗ ಅವು ತಮ್ಮ ತಮ್ಮ ಪಕ್ಕದ ಕೇಬಲಿಗೆ ಒಟ್ಟಿಗೇ ತಾಗಬೇಕು, ಟೈಮಿಂಗ್ ಅಂದರೆ ಇದೇ. ಇಲ್ಲಿ ಮೇಲಿನದು ತಾಗಿದಾಗ ಕೆಳಗಿನದಕ್ಕೆ ಇನ್ನೂ 4 ಮಿ.ಮೀ. ಉಳಿದಿತ್ತು. ಹೀಗಿದ್ದರೆ ಎಳೆತದ ಕೊನೆ ಗೋಡೆಗೆ ಒರಗಿದಂತಿರದೆ ಸ್ಪಂಜಿನಂತಿರುತ್ತದೆ, ಬಿಟ್ಟಾಗ ಬಾಣದ ಹಿಂಬದಿ ಮೇಲೆ ಕೆಳಗೆ ಕುಣಿಯುತ್ತದೆ.

ಸರಿ ಮಾಡಲು ಹೋಗಿ ಉಲ್ಟಾ ಮಾಡಿದ್ದು: ಹಿಂದೆ ಬಿದ್ದಿರುವ ಕೆಳಗಿನ ಕ್ಯಾಮನ್ನು ಎಳೆದು ತರಬೇಕು ಅಂತ ಅದರ ಕೇಬಲಿಗೆ ಎರಡು ಹುರಿ ಏರಿಸಿದರೆ, 4 ಇದ್ದದ್ದು 7 ಆಯಿತು. ಎಳೆಯುವಾಗ ಹೆದೆ ಕ್ಯಾಮಿನಿಂದ ಬಿಚ್ಚಿಕೊಳ್ಳುತ್ತದೆ, ಕೇಬಲ್ ಕ್ಯಾಮಿಗೆ ಸುತ್ತಿಕೊಳ್ಳುತ್ತದೆ. ಕೇಬಲ್ ಗಿಡ್ಡವಾದರೆ ಅದು ಕ್ಯಾಮನ್ನು ಬಿಚ್ಚುವ ದಿಕ್ಕಿಗೆ, ಅಂದರೆ ಹಿಂದಕ್ಕೆ, ತಿರುಗಿಸಿ ನಿಲ್ಲಿಸುತ್ತದೆ. ಹಿಂದಿನಿಂದ ಹೊರಟ ಕ್ಯಾಮ್ ಇನ್ನೂ ತಡವಾಗಿ ತಲುಪುತ್ತದೆ. ಹಾಗಾಗಿ ಮುಂದೆ ಓಡಿದ ಕ್ಯಾಮಿಗೆ ಸಿಕ್ಕಿಸಿರುವ ಕೇಬಲಿಗೇ ಹುರಿ ಏರಿಸಬೇಕು. ಕೆಳಗಿನ ಎರಡನ್ನು ಇಳಿಸಿ, ಮೇಲಿನ ಕ್ಯಾಮಿನ ಕೇಬಲಿಗೆ ಎರಡು ಏರಿಸಿದಾಗ 1 ಮಿ.ಮೀ. ಉಳಿಯಿತು. ಇನ್ನರ್ಧ ಸುತ್ತಿಗೆ ಕಾಗದದಷ್ಟು ಸಂದು, ಅಲ್ಲಿಗೆ ಬಿಟ್ಟದ್ದು. ಪ್ರತಿ ಸಲ ಪ್ರೆಸ್ಸಿಗೆ ಏರಿಸಿ ಇಳಿಸಬೇಕು. ಪ್ರೆಸ್ಸಿನಲ್ಲಿಲ್ಲದೆ ಕುಣಿಕೆ ಬಿಚ್ಚಲು ಹೋಗಬೇಡಿ.

ಟೈಮಿಂಗ್ ಆದ ಮೇಲೆ ಎಳೆತದ ತೂಕ ಬರೆದುಕೊಂಡದ್ದು. ದೂರ ಹಿಡಿಯ ಗುಳಿಯಿಂದ ಇಂಚಿನಲ್ಲಿ, ತೂಕ ಕಿಲೋದಲ್ಲಿ:

9: 9.5
11: 18.0
13: 24.1
15: 25.6
18: 25.9
21: 25.4
23: 22.0
25: 14.0
26.5: 7.2
27.25: ತಡೆಗೂಟ ತಾಗಿತು

ಗರಿಷ್ಠ 25.9 ಕಿಲೋ, 57 ಪೌಂಡು. ಕೊನೆಯಲ್ಲಿ ಕೈ ಹಿಡಿಯುವುದು 7.2 ಕಿಲೋ, ಅಂದರೆ ನೂರಕ್ಕೆ 72ರಷ್ಟು ಭಾರ ಇಳಿದಿದೆ. 27.25ಕ್ಕೆ ವಾಡಿಕೆಯ 1.75 ಇಂಚು ಸೇರಿಸಿದರೆ 29, ಚೀಟಿಯಲ್ಲಿದ್ದದ್ದೂ ಅದೇ. ಕೇಬಲ್ ಸರಿಯಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಮಿಸೌರಿಯ ಹಾಲಿಸ್ ವಿಲ್ಬರ್ ಆಲನ್ 1969ರಲ್ಲಿ ಪೇಟೆಂಟ್ ಪಡೆದ ಮೊದಲ ಕಾಂಪೌಂಡ್ ಬಿಲ್ಲಿನಲ್ಲೂ ಹೀಗೆ ಕೊನೆಗೆ ಭಾರ ಇಳಿಸಿದ್ದು ನಡು ತಪ್ಪಿಸಿ ತೂತು ಕೊರೆದ ರಾಟೆಯೇ. ಮೇಲಿನ ಅಂಕಿಗಳಲ್ಲಿ 15ರಿಂದ 21ರವರೆಗೆ ತೂಕ ಅಷ್ಟಕ್ಕಷ್ಟೇ ನಿಂತಿರುವುದು ಮಾತ್ರ ಆಮೇಲೆ ಬಂದ ಕ್ಯಾಮಿನ ಆಕಾರದಿಂದ.

ಏಪ್ರಿಲ್ 24: ಕ್ಯಾಮ್ ವಾಲಿದ್ದು

ಕ್ಯಾಮಿನ ಚಪ್ಪಟೆ ಬದಿಗೆ ನೇರವಾದ ಬಾಣವೊಂದನ್ನು ಆನಿಸಿ ಹಿಡಿದರೆ ಅದು ಹೆದೆಗೆ ಸಮಾಂತರವಾಗಿ ಓಡಬೇಕು. ಮೇಲಿನ ಕ್ಯಾಮಿನಲ್ಲಿ 500 ಮಿ.ಮೀ. ಕೆಳಗೆ ಬರುವಷ್ಟರಲ್ಲಿ ಬಾಣ 6 ಮಿ.ಮೀ. ಎಡಕ್ಕೆ ಹೋಗಿತ್ತು. ಕೆಳಗಿನದರಲ್ಲಿ 11.

ಕೇಬಲ್ ಗಾರ್ಡ್ ಎರಡೂ ಕೇಬಲನ್ನು ಬಾಣದ ದಾರಿಯಿಂದ ಬಲಕ್ಕೆ ಎಳೆದು ಹಿಡಿಯುತ್ತದೆ, ಹಾಗಾಗಿ ಅಲ್ಪಸ್ವಲ್ಪ ವಾಲಿಕೆ ಇದ್ದೇ ಇರುತ್ತದೆ. ಅದನ್ನು ಯೋಕಿನ ಎಡ ಕಾಲು ಗಿಡ್ಡ ಮಾಡಿ, ಬಲ ಕಾಲು ಉದ್ದ ಮಾಡಿ ತಿದ್ದಬೇಕು. ಎಡಕ್ಕೆ ಎಷ್ಟು ಹುರಿ ಏರಿಸಿದಿರೋ ಬಲದಿಂದ ಅಷ್ಟೇ ಇಳಿಸಿ. ಬರೀ ಒಂದು ಕಾಲಿಗೆ ಏರಿಸುತ್ತಾ ಹೋದರೆ ಇಡೀ ಕೇಬಲ್ ಗಿಡ್ಡವಾಗಿ ಟೈಮಿಂಗ್ ಕೆಡುತ್ತದೆ. ನೆನಪಿಡಬೇಕಾದ್ದು, ಮೇಲಿನ ಆಕ್ಸಲಿನಲ್ಲಿರುವ ಯೋಕ್ ಕೆಳಗಿನ ಕ್ಯಾಮಿನ ಕೇಬಲಿನದು. ಮೇಲಿನದಕ್ಕೆ ಎಡ ಮೂರು ಏರಿಕೆ, ಬಲ ಮೂರು ಇಳಿಕೆ. 6 ಇದ್ದದ್ದು 1 ಆಯಿತು.

ಕೆಳಗಿನದು ಜಗ್ಗಲಿಲ್ಲ. ಐದು ಏರಿಸಿ ಐದು ಇಳಿಸಿದರೂ 11 ಇದ್ದದ್ದು 7ಕ್ಕೆ ನಿಂತಿತು, ಬಲಗಾಲಿನಲ್ಲಿ ಹುರಿಯೇ ಖಾಲಿಯಾಗುವ ಹಂತ. ಅರ್ಧ ದಿನ ಹೋಯಿತು. ಆಮೇಲೆ ಮೇಲಿನ ಆಕ್ಸಲಿನ ಫೋಟೋ ಪಕ್ಕದಲ್ಲಿಟ್ಟು ನೋಡಿದಾಗ ಕಂಡದ್ದು: ಕೆಳಗೆ 2.5ರ ವಾಷರ್ ಬಲಕ್ಕೆ, 1.5ರದು ಎಡಕ್ಕೆ. ಕ್ಯಾಮ್ ಒಂದು ಮಿ.ಮೀ. ಪಕ್ಕಕ್ಕೆ ಕೂತು ಎಡ ಬಲ ಲಿಂಬಿನ ಮೇಲೆ ಭಾರ ಏರುಪೇರಾಗಿತ್ತು. ವಾಷರ್ ಅದಲು ಬದಲು ಮಾಡಿ, ಯೋಕನ್ನು ಮೊದಲ ಸ್ಥಿತಿಗೆ ತಂದರೆ ಬಾಣ 5 ಮಿ.ಮೀ. ತೋರಿಸಿತು. ಮೂರು ಏರಿಕೆ, ಮೂರು ಇಳಿಕೆಗೆ ಅದೂ ಸರಿಹೋಯಿತು. ಬಿಚ್ಚುವಾಗ ಎರಡೂ ಆಕ್ಸಲಿನ ಫೋಟೋ ತೆಗೆಯಿರಿ, ವಾಷರನ್ನು ಬೇರೆ ಬೇರೆ ಡಬ್ಬಿಗೆ ಹಾಕಿ.

ಕೇಬಲ್ ಗಾರ್ಡಿನ ಪ್ಲಾಸ್ಟಿಕ್ ಜಾರುತುಂಡಿನಲ್ಲಿ 1 ಮಿ.ಮೀ. ಗೀರು ಬಿದ್ದಿತ್ತು. ಹೊಸ ಕೇಬಲನ್ನು ಅದು ಕೊಯ್ಯುತ್ತದೆ. ಟರ್ನರ್ ನೈಲಾನಿನಲ್ಲಿ ಹೊಸದು ಮಾಡಿಕೊಟ್ಟರು, ಅದೇ ಕೂಲಿಯಲ್ಲಿ.

ಏಪ್ರಿಲ್ 26: ಕಾಗದ

ಡಿ ಕುಣಿಕೆಗೆ (ಹಿಡಿದು ಎಳೆಯಲು ಹೆದೆಗೆ ಕಟ್ಟುವ ಕುಣಿಕೆ) 2 ಮಿ.ಮೀ. ದಾರ, 110 ಮಿ.ಮೀ. ತುಂಡು, ಎರಡೂ ತುದಿಯನ್ನು ಲೈಟರಿನಲ್ಲಿ ಅಣಬೆಯಂತೆ ಕರಗಿಸಿ ಗಂಟು. ಇಕ್ಕಳ ಒಳಗಿಟ್ಟು ಬಿಚ್ಚಿ ಬಿಗಿ ಮಾಡಿದ್ದು. ಬಾಣದ ನಡು ರೈಸರಿನಿಂದ (ಹಿಡಿ ಇರುವ ಬಿಲ್ಲಿನ ನಡುಭಾಗ) 20.6 ಮಿ.ಮೀ. ದೂರ, ಶುರುವಿಗೆ ಇದು ಒಳ್ಳೆಯ ಅಳತೆ. ಎರಡೂ ಬೋಲ್ಟನ್ನು ಒಂದು ಸುತ್ತು ಬಿಟ್ಟು 24.6 ಕಿಲೋಗೆ, 54 ಪೌಂಡಿಗೆ ಇಳಿಸಿದ್ದು. ಸ್ಪರ್ಧೆಯ ಮಿತಿ 60 ಪೌಂಡು, ಈ ತಕ್ಕಡಿಯ ತಪ್ಪು ಸೇರಿದರೂ ದೂರವೇ.

ಬಾಣವನ್ನು ಚಿನ್ನದಂಗಡಿಯ ತಕ್ಕಡಿಯಲ್ಲಿ ತೂಗಿಸಿದ್ದು, 22.4 ಗ್ರಾಂ, ಅಂದರೆ 346 ಗ್ರೇನ್. ಪೌಂಡಿಗೆ 5 ಗ್ರೇನ್ ಲೆಕ್ಕದಲ್ಲಿ 54 ಪೌಂಡಿಗೆ ಕನಿಷ್ಠ 270 ಗ್ರೇನ್, 17.5 ಗ್ರಾಂ ಬೇಕು. ಅದಕ್ಕಿಂತ ಹಗುರವಾದರೆ ಅರ್ಧ ಖಾಲಿ ಬಿಲ್ಲು ಬಿಟ್ಟಂತೆ.

ಮರದ ಚೌಕಟ್ಟಿಗೆ ದಿನಪತ್ರಿಕೆ ಹಾಳೆ, ಎರಡು ಮೀಟರ್ ದೂರ, ಹಿಂದೆ ದಪ್ಪ ಗುರಿ. ಬಾಣ ನೇರ ಹೊರಟರೆ ಒಂದೇ ದುಂಡು ತೂತು, ಸೊಟ್ಟ ಹೊರಟರೆ ಬಾಲ ಪಕ್ಕಕ್ಕೆ ಹರಿಯುತ್ತದೆ. ಮೊದಲ ಮೂರು ಬಾಣ: ಬಾಲ ಹರಿದದ್ದು ಮೊನೆಯ ತೂತಿಗಿಂತ 12 ಮಿ.ಮೀ. ಎಡಕ್ಕೆ, 10 ಮಿ.ಮೀ. ಮೇಲಕ್ಕೆ. ಮೇಲಿನದಕ್ಕೆ ಕುಣಿಕೆಯನ್ನು 1.5 ಮಿ.ಮೀ. ಕೆಳಗಿಳಿಸಿದರೆ ಸಾಕಾಯಿತು. ಎಡಕ್ಕೆ ಹರಿದದ್ದಕ್ಕೆ ಮೇಲಿನ ಯೋಕಿನ ಎಡ ಕಾಲಿಗೆ ಇನ್ನೊಂದು ಏರಿಕೆ, ಬಲಕ್ಕೆ ಒಂದು ಇಳಿಕೆ, 4 ಮಿ.ಮೀ. ಉಳಿಯಿತು. ಆ 4 ಮಿ.ಮೀ. ಬಿಲ್ಲಿನದಲ್ಲ. ಹಿಡಿಯನ್ನು ಮುಷ್ಟಿ ಕಟ್ಟಿ ಹಿಡಿದಾಗ ಬರುತ್ತದೆ, ಅಂಗೈ ಬಿಟ್ಟು ಹಿಡಿದಾಗ ಒಂದೇ ದುಂಡು ತೂತು. ಅದಕ್ಕಾಗಿ ಯೋಕ್ ಮುಟ್ಟಲಿಲ್ಲ.

ಖರ್ಚು

ಪ್ರೆಸ್: ಪೈಪು 390, ಸ್ಕ್ರೂ 1,850, ಹಾಳಾದ ರಾಡು 240, ಕೂಲಿ 1,400, ರಬ್ಬರ್ ಪೈಪು 90, ಒಟ್ಟು 3,970.
ಹಲಗೆ: ಮರ 450, ವಿಂಚು 1,150, ತಕ್ಕಡಿ 480, ಹಗ್ಗ 120, ಒಟ್ಟು 2,200.
ಹೆದೆ ಸಾಮಾನು: ದಾರ 4,200, ಸರ್ವಿಂಗ್ 1,300, ಡಿ ಕುಣಿಕೆ ದಾರ 150, ಮೇಣ 250, ಒಟ್ಟು 5,900.
ಬೇರಿಂಗ್ 720, ತಪ್ಪು ಬೇರಿಂಗ್ 160, ಇ ಕ್ಲಿಪ್ 40, ಒಟ್ಟು 920.

ಎಲ್ಲ ಸೇರಿ 12,990. ಒಂದೇ ಬಿಲ್ಲಿಗಾದರೆ ಇದು ದುಬಾರಿ, ಅಂಗಡಿಗೆ ಕಳಿಸುವುದೇ ವಾಸಿ. ಮೂರು ನಾಲ್ಕು ಬಿಲ್ಲು ಇರುವ ಕಡೆ ಎರಡನೇ ಬಿಲ್ಲಿನಿಂದ ದಾರದ ಖರ್ಚು ಮಾತ್ರ, ಉಂಡೆಯಲ್ಲಿ ದಾರ ಇನ್ನೂ ಉಳಿದಿದೆ.

ಮೇ 10: 200 ಬಾಣಗಳ ನಂತರ

ಆಕ್ಸಲಿನಿಂದ ಆಕ್ಸಲಿಗೆ 915, ಕದಲಿಲ್ಲ. ತಡೆಗೂಟ ಎರಡೂ ಒಟ್ಟಿಗೇ ತಾಗುತ್ತಿವೆ. ತೂಕ 24.5. ಕ್ಯಾಮ್ ಬಿಡುವ ಜಾಗದ ಸರ್ವಿಂಗ್ ಮುಚ್ಚಿದ ಹಾಗೇ ಇದೆ.

ಪೀಪ್ (ಗುರಿ ನೋಡಲು ಹೆದೆಯ ಎಳೆಗಳ ನಡುವೆ ಕೂರಿಸಿದ ತೂತು) ಮಾತ್ರ ಪೂರ್ತಿ ಎಳೆದಾಗ ಸುಮಾರು 10 ಡಿಗ್ರಿ ತಿರುಗಿ ನಿಲ್ಲುತ್ತದೆ. 12 ಎಳೆ ಆ ಕಡೆ, 12 ಈ ಕಡೆ ಇರುವುದನ್ನು ಎಣಿಸಿ ನೋಡಿದ್ದಾಗಿದೆ. ಹೆದೆಯ ಒಂದು ತುದಿಯ ಕುಣಿಕೆಗೆ ಅರ್ಧ ಹುರಿ ಏರಿಸಿ ನೋಡುವುದು ಬಾಕಿ. ಕೆಳಗಿನ ಕ್ಯಾಮಿನ ಬೇರಿಂಗ್ ಗೂಡು ಮೇಲಿನದಕ್ಕಿಂತ ಕೈಗೆ ಸಡಿಲ ಅನಿಸುತ್ತಿದೆ, ಮುಂದಿನ ಸಲ ಬಿಚ್ಚಿದಾಗ ಒಳ ಮೈಕ್ರೋಮೀಟರ್ ಹಾಕಿ ಅಳೆಯಬೇಕು.